ಹೊಳೆಯ ಬೆಳಚು, ಸಿಂಪಿ ಆರಿಸಲು ಯಾರ ಅನುಮತಿ ಬೇಕು?

ಪ್ರಶ್ನೆ: ಉದ್ಯೋಗದ ನಿಮಿತ್ತ ನಾನು ಬೆಂಗಳೂರಿನ ವಿಜಯನಗರದಲ್ಲಿ ನೆಲೆಸಿದ್ದೇನೆ. ನಮ್ಮ ಊರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿದೆ. ಇಳಿತದ ಹೊತ್ತಿನಲ್ಲಿ ನನ್ನ ಅಮ್ಮ, ಅತ್ತಿಗೆ ಹಾಗೂ ಕೇರಿಯ ಹೆಂಗಸರು ಬೆಳಚು, ಸಿಂಪಿ ಎಂಬ ಚಿಪ್ಪುಜೀವಿಗಳನ್ನು ಆರಿಸಿ ಮಾರುತ್ತಾರೆ. ಈಚೆಗೆ ಹೊರಗಿನವರು ಯಂತ್ರದ ದೋಣಿ ತಂದು ತಳದ ಕೆಸರನ್ನೇ ಬಗೆದು, ಮರಿಗಳ ಸಮೇತ ಮೂಟೆಗಟ್ಟಲೆ ಒಯ್ಯುತ್ತಿದ್ದಾರೆ. ಕೇಳಿದರೆ ‘ಹೊಳೆ ಯಾರಪ್ಪನ ಆಸ್ತಿಯೂ ಅಲ್ಲ’ ಎನ್ನುತ್ತಾರೆ. ಇದನ್ನು ತಡೆಯುವ ಕಾನೂನು ಇಲ್ಲವೇ? ನಮ್ಮವರಿಗೂ ಪರವಾನಗಿ ಬೇಕೇ? ಊರಿನಿಂದ ಬೆಳಚು ತರಿಸಿ ಬೆಂಗಳೂರಿನಲ್ಲಿ ಮಾರಬಹುದೇ?

ಉತ್ತರ: ಹೊಳೆ ಯಾರೊಬ್ಬರ ಆಸ್ತಿಯೂ ಅಲ್ಲ ಎಂಬುದು ನಿಜ, ಆದರೆ ಆ ಕಾರಣಕ್ಕಾಗಿಯೇ ಅದನ್ನು ಮನಬಂದಂತೆ ಬಗೆಯುವ ಅಧಿಕಾರ ಯಾರಿಗೂ ಇಲ್ಲ. ಎಂ.ಸಿ. ಮೆಹ್ತಾ ಮತ್ತು ಕಮಲನಾಥ್ ನಡುವಣ ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ನದಿಯಂತಹ ನೈಸರ್ಗಿಕ ಸಂಪತ್ತಿಗೆ ಸರ್ಕಾರವು ಸಾರ್ವಜನಿಕರ ಪರವಾದ ಟ್ರಸ್ಟಿ ಮಾತ್ರ ಎಂದು ಹೇಳಿದೆ. ಉಬ್ಬರವಿಳಿತವಿರುವ ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಜನಸಾಮಾನ್ಯರದು ಎಂಬ ತತ್ವವನ್ನೂ ನಮ್ಮ ನ್ಯಾಯಾಲಯಗಳು ಬಹಳ ಹಿಂದಿನಿಂದ ಒಪ್ಪುತ್ತ ಬಂದಿವೆ. ಆದ್ದರಿಂದ ಕೈಯಿಂದ ಆರಿಸಿ ಬದುಕುವ ನಿಮ್ಮ ಅಮ್ಮ, ಅತ್ತಿಗೆಯವರು ಅಪರಾಧ ಮಾಡುತ್ತಿದ್ದಾರೆಂದು ಆತಂಕಪಡಬೇಕಿಲ್ಲ. ಆದರೆ ಈ ಹಕ್ಕು ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟದ್ದು. ಮೀನುಗಾರಿಕೆ ಇಲಾಖೆಯು ಒಂದು ಜಾಗಕ್ಕೋ ಅವಧಿಗೋ ನಿರ್ಬಂಧ ವಿಧಿಸಿದರೆ ಅದು ಅವರಿಗೂ ಅನ್ವಯಿಸುತ್ತದೆ.

ನಿಮ್ಮ ಪ್ರಕರಣದಲ್ಲಿ ಯಾವ ಕಾನೂನು ಅನ್ವಯಿಸುತ್ತದೆ ಎಂಬುದು, ತೆಗೆಯುತ್ತಿರುವುದು ಜೀವವೋ, ಬರಿಯ ಚಿಪ್ಪೋ, ಹೊಳೆಯ ತಳವೋ ಎಂಬುದನ್ನು ಅವಲಂಬಿಸಿದೆ. ಜೀವಂತ ಬೆಳಚು ಕಾನೂನಿನ ಕಣ್ಣಿನಲ್ಲಿ ಮೀನೇ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಚಿಪ್ಪುಜೀವಿಗಳನ್ನು ಮೀನಿನ ವ್ಯಾಖ್ಯೆಯೊಳಗೆ ಸೇರಿಸಿದೆ. ಸಂವಿಧಾನದ ರಾಜ್ಯಪಟ್ಟಿಯಲ್ಲಿ ಮೀನುಗಾರಿಕೆ ಇರುವುದರಿಂದ ಹೊಳೆಯ ಮೇಲಿನ ಅಧಿಕಾರ ರಾಜ್ಯದ್ದು. ಒಳನಾಡಿನ ನೀರಿಗೆ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ, 1996 ಇದ್ದರೆ, ಕಡಲಿಗೆ ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986 ಇದೆ. ಅಳಿವೆ ಇವೆರಡರ ನಡುವೆ ಬರುವುದರಿಂದ ದೂರನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ತಳ್ಳುವ ಸಾಧ್ಯತೆ ಇದ್ದೇ ಇದೆ. ಸತ್ತ ಚಿಪ್ಪನ್ನು ಸುಣ್ಣದ ಗೂಡಿಗೆಂದು ಒಯ್ಯುತ್ತಿದ್ದರೆ ಅದು ಉಪಖನಿಜವಾಗುತ್ತದೆ. ಆಗ ಮೀನುಗಾರಿಕೆ ಇಲಾಖೆಯ ಬದಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯೂ, 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳೂ ಮುಂದೆ ಬರುತ್ತವೆ.

ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಗಂಭೀರವಾಗಿ ಕಂಡದ್ದು ಯಂತ್ರದಿಂದ ತಳ ಬಗೆಯುವ ಸಂಗತಿ. ಬೇಸಿಗೆಯ ಅತಿ ಒಣ ಅವಧಿಯಲ್ಲಿ ಅಳೆದಾಗ ನೀರಿನ ಲವಣಾಂಶ ಸಾವಿರಕ್ಕೆ 5 ಭಾಗದಷ್ಟಿರುವ ಜಾಗದವರೆಗೂ ಹೊಳೆಯು ಕರಾವಳಿ ನಿಯಂತ್ರಣ ವಲಯಕ್ಕೆ ಸೇರುತ್ತದೆ. ಪರಿಸರ (ಸಂರಕ್ಷಣಾ) ಕಾಯ್ದೆ, 1986ರ ಅಡಿಯಲ್ಲಿ ಹೊರಡಿಸಿರುವ ಈ ವಲಯದ ಅಧಿಸೂಚನೆಯು ಮರಳು, ಬಂಡೆ ಮತ್ತಿತರ ತಳಪದರದ ವಸ್ತುಗಳ ಗಣಿಗಾರಿಕೆಯನ್ನು, ವಿರಳ ಖನಿಜಗಳಂತಹ ಕೆಲವು ವಿನಾಯಿತಿಗಳ ಹೊರತಾಗಿ, ನಿಷೇಧಿಸುತ್ತದೆ. ಬೆಳಚಿನ ಹೆಸರಿನಲ್ಲಿ ತಳದ ಕೆಸರು, ಮರಳು, ಚಿಪ್ಪು ಎಲ್ಲವನ್ನೂ ಎತ್ತುತ್ತಿದ್ದರೆ ನಿಮ್ಮ ದೂರಿಗೆ ಇದೇ ಗಟ್ಟಿಯಾದ ಆಧಾರ. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ತಾಣವಾಗಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಗಿ, ಘೋಷಿತವಾದುದನ್ನೂ ಉಲ್ಲೇಖಿಸಿ. ರಾಮ್ಸಾರ್ ಒಪ್ಪಂದವು ವಿವೇಕದ ಬಳಕೆಯನ್ನು ಒಪ್ಪುವುದರಿಂದ, ಆ ಘೋಷಣೆಯಿಂದಾಗಿ ಆರಿಸುವುದೇ ನಿಂತುಹೋಗುತ್ತದೆ ಎಂದು ಊರಿನವರು ಹೆದರಬೇಕಿಲ್ಲ.

ಮರಿಗಳನ್ನು ನೀರಿಗೇ ಬಿಡಬೇಕೆಂದು ಹಲವೆಡೆ ಇರುವ ನಿಯಮಕ್ಕೆ ಕಾರಣವೇನೆಂಬುದು ಸಿಂಪಿಯ ಗೊಂಚಲೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ: ದೊಡ್ಡ ಚಿಪ್ಪಿನ ಬೆನ್ನಿನ ಮೇಲೆಯೇ ಉಗುರಿನಷ್ಟಗಲದ ಮರಿಗಳು ಕಚ್ಚಿಕೊಂಡಿರುತ್ತವೆ. ಈಜುವ ಹಂತ ಮುಗಿದ ಸಿಂಪಿಯ ಮರಿ ನೆಲೆ ನಿಲ್ಲಲು ಗಟ್ಟಿ ಆಸರೆ ಬೇಕು, ಹಳೆಯ ಚಿಪ್ಪು ಅದಕ್ಕೆ ಅತ್ಯಂತ ಒಪ್ಪುವ ಆಸರೆ. ಚಿಪ್ಪನ್ನೆಲ್ಲ ಬಳಿದೊಯ್ದರೆ ಮುಂದಿನ ಪೀಳಿಗೆಗೆ ನೆಲೆಯೇ ಇಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯವು ಎರಡೂವರೆ ಅಂಗುಲಕ್ಕಿಂತ ಚಿಕ್ಕ ಸಿಂಪಿಯನ್ನು ಅದನ್ನು ತೆಗೆದ ತಳದ ನೆಲೆಗೇ ಮರಳಿಸಬೇಕೆಂದು 1890ರಲ್ಲೇ ಕಾನೂನು ಮಾಡಿತು. ಇಂಗ್ಲೆಂಡಿನ ಕಾರ್ನ್‌ವಾಲಿನ ಫಾಲ್ ನದಿಯಲ್ಲಿ ಇಂದಿಗೂ ಹಾಯಿ ಅಥವಾ ಹುಟ್ಟಿನ ಬಲದಿಂದ ಮಾತ್ರ ಸಿಂಪಿ ತೆಗೆಯಬೇಕು, ಎಂಜಿನ್ ಬಳಸುವಂತಿಲ್ಲ. ಲೋಹದ ಬಳೆಯೊಳಗೆ ತೂರಿಹೋಗುವ ಸಿಂಪಿಯನ್ನು ನೀರಿಗೆ ಬಿಡಬೇಕು. ನಮಗೆ ಹತ್ತಿರದ ಉದಾಹರಣೆ ಕೇರಳದ ಅಷ್ಟಮುಡಿ. ಮಿತಿಮೀರಿ ತೆಗೆದು ಫಸಲು ಕುಸಿದ ಮೇಲೆ, 1993ರಲ್ಲಿ ಅಲ್ಲಿ ಡಿಸೆಂಬರಿನಿಂದ ಫೆಬ್ರುವರಿವರೆಗೆ ಬೆಳಚು ತೆಗೆಯುವುದನ್ನು ನಿಲ್ಲಿಸಿ, ಬಲೆಯ ಕಣ್ಣಿನ ಕನಿಷ್ಠ ಅಳತೆಯನ್ನೂ ನಿಗದಿಪಡಿಸಲಾಯಿತು. ಆ ಮೀನುಗಾರಿಕೆಗೆ 2014ರಲ್ಲಿ ಭಾರತದ ಮೊದಲ ಎಂಎಸ್‌ಸಿ (ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ) ಸುಸ್ಥಿರತಾ ಪ್ರಮಾಣಪತ್ರ ದೊರೆಯಿತು. ಕಾನೂನು ಬದುಕುವುದು ಅದನ್ನು ಬೇಕೆನ್ನುವ ಆರಿಸುವವರಿಂದಲೇ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ನಿಮ್ಮ ಊರಿನ ಹೆಂಗಸರು ತಾವು ಪಾಲಿಸಲು ಸಿದ್ಧವಿರುವ ಅಳತೆ ಮತ್ತು ಬಿಡುವಿನ ತಿಂಗಳುಗಳನ್ನು ಬರೆದುಕೊಟ್ಟು, ಅದನ್ನೇ ಆದೇಶವಾಗಿಸಲು ಕೋರಬೇಕು.

ಮೊದಲು ಮಾಹಿತಿ ಹಕ್ಕು ಕಾಯ್ದೆ, 2005ರಡಿ ಮೀನುಗಾರಿಕೆ ಇಲಾಖೆಗೆ ಅರ್ಜಿ ಹಾಕಿ, ನಿಮ್ಮ ಅಳಿವೆಗೆ ಯಾವ ಕಾಯ್ದೆ ಹಾಗೂ ಯಾವ ಆದೇಶಗಳು ಅನ್ವಯಿಸುತ್ತವೆ, ಆ ದೋಣಿಗಳಿಗೆ ಯಾರು ಅನುಮತಿ ಕೊಟ್ಟಿದ್ದಾರೆ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಅದೇ ಹೊತ್ತಿಗೆ ದಿನಾಂಕ, ಜಾಗ, ದೋಣಿಯ ನೋಂದಣಿ ಸಂಖ್ಯೆ ಕಾಣುವ ಛಾಯಾಚಿತ್ರಗಳೊಂದಿಗೆ ಜಿಲ್ಲಾಧಿಕಾರಿಗಳಿಗೂ, ಕರ್ನಾಟಕ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೂ ದೂರು ಸಲ್ಲಿಸಿ. ಇವರಿಂದ ಕ್ರಮವಾಗದಿದ್ದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗಬಹುದು. ಆದರೆ ವಿವಾದದ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು, ಸಕಾರಣವಿದ್ದರೆ ಇನ್ನೂ 60 ದಿನ ಸಿಗುತ್ತದೆ. ಕಚೇರಿಗಳ ಉತ್ತರಕ್ಕೆ ಕಾಯುತ್ತ ಈ ಗಡುವನ್ನು ಕಳೆದುಕೊಳ್ಳಬೇಡಿ.

ಬೆಂಗಳೂರಿನಲ್ಲಿ ಮಾರಲು ಅಡ್ಡಿಯಿಲ್ಲ, ಆದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಡಿ ವಹಿವಾಟಿನ ಪ್ರಮಾಣಕ್ಕೆ ತಕ್ಕಂತೆ ನೋಂದಣಿ ಅಥವಾ ಪರವಾನಗಿ ಬೇಕು. ನೀರನ್ನು ಸೋಸಿ ತಿನ್ನುವ ಈ ಜೀವಿಗಳ ಒಡಲಿನಲ್ಲಿ ಚರಂಡಿಯ ರೋಗಾಣುಗಳೂ ಪಾಚಿಯ ವಿಷವೂ ಶೇಖರವಾಗಬಲ್ಲವು. ಅಂತಹ ಕೆಲವು ವಿಷಗಳು ಕುದಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ ಮಲಿನ ನೀರು ಸೇರುವ ಜಾಗದ ಸರಕನ್ನು ಅಗ್ಗಕ್ಕೆ ಸಿಕ್ಕರೂ ತರಿಸಬೇಡಿ. ರಾತ್ರಿಯ ಬಸ್ಸಿಗೆ ಹಾಕುವಾಗ ಸಿಹಿನೀರಿನಲ್ಲಿ ಮುಳುಗಿಸದೆ, ಒದ್ದೆ ಗೋಣಿಯಲ್ಲಿ ಸುತ್ತಿ ತಂಪಾಗಿಡಬೇಕು. ಇಲ್ಲಿ ಬಂದು ಇಳಿದ ಮೇಲೆ, ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚಿಕೊಳ್ಳದ ಚಿಪ್ಪುಗಳನ್ನು ಎಸೆದು ಉಳಿದವನ್ನಷ್ಟೇ ಮಾರಿ.