ಅಜ್ಜನ ಡಿಕ್ರಿ ಯಾವ ಕೋರ್ಟಿನಲ್ಲಿ ಸಿಗುತ್ತದೆ? ಕಾಸರಗೋಡಿನಿಂದ ಒಂದು ಉತ್ತರ

ಕುಂಬಳೆ ಕಡೆಯ ಜಾಗದ ಬಗ್ಗೆ ನಿಮ್ಮ ಅಜ್ಜ ಹೂಡಿದ್ದ ದಾವೆಯ ತೀರ್ಪಿನ ನಕಲು ಬೇಕು, ಮಂಗಳೂರಿನಲ್ಲಿ ಕೇಳಿದರೆ ಕಾಸರಗೋಡಿಗೆ ಹೋಗಿ ಅಂದರು, ಆನ್‌ಲೈನ್‌ನಲ್ಲಿ ಹುಡುಕಿದರೆ ಏನೂ ಕಾಣುವುದಿಲ್ಲ ಅಂದಿದ್ದೀರಿ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಇದು ಕಚೇರಿಯವರು ಅಲೆದಾಡಿಸುವ ರೀತಿ ಅಂತ ಅನ್ನಿಸುವುದು ಸಹಜ. ಆದರೆ ನಮ್ಮ ಕಡೆಯ ಕಡತ ಎಲ್ಲಿದೆ ಅನ್ನುವುದನ್ನು ತೀರ್ಮಾನಿಸುವುದು ಇಸವಿ. ಜಾಗ ಅಲ್ಲೇ ಇತ್ತು, ಜಿಲ್ಲೆ ಮತ್ತು ರಾಜ್ಯ ಬದಲಾದವು. ಹಾಗಾಗಿ ಕಚೇರಿಯ ಮೆಟ್ಟಿಲು ಹತ್ತುವ ಮೊದಲು ದಾವೆ ಯಾವ ವರ್ಷದ್ದು, ತೀರ್ಪು ಯಾವ ವರ್ಷ ಆಯಿತು, ಅಪೀಲು ಹೋಗಿತ್ತೇ ಎನ್ನುವ ಮೂರನ್ನು ಮನೆಯಲ್ಲೇ ಗಟ್ಟಿ ಮಾಡಿಕೊಳ್ಳಿ.

1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ದಾವೆ ಕಾಸರಗೋಡಿನ ಮುನ್ಸೀಫ್ ಕೋರ್ಟಿನಲ್ಲಿ, ಅಂದರೆ ಕೆಳಗಿನ ಸಿವಿಲ್ ಕೋರ್ಟಿನಲ್ಲಿ ನಡೆದರೆ ಅಪೀಲು ಮಂಗಳೂರಿಗೆ, ಎರಡನೇ ಅಪೀಲು ಮದ್ರಾಸ್ ಹೈಕೋರ್ಟಿಗೆ. ರಾಜ್ಯ ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದೆವು. 1957ರಲ್ಲಿ ಮಲಬಾರ್ ಜಿಲ್ಲೆ ಒಡೆದಾಗ ಕಣ್ಣೂರು ಜಿಲ್ಲೆಯ ಪಾಲಾದೆವು. ಆ ಕಾಲದ ಜಿಲ್ಲಾ ಕೋರ್ಟು ತಲಶ್ಶೇರಿಯಲ್ಲಿ, ಹೈಕೋರ್ಟು ಎರ್ನಾಕುಳಂನಲ್ಲಿ. ಕಾಸರಗೋಡು ತನ್ನದೇ ಜಿಲ್ಲೆಯಾದದ್ದು 1984ರ ಮೇ 24ರಂದು. ಹೀಗಾಗಿ ಒಂದೇ ಗದ್ದೆಯ ತಕರಾರಿಗೆ ಕಾಸರಗೋಡಿನಲ್ಲಿ ದಾವೆ, ಮಂಗಳೂರಿನಲ್ಲಿ ಅಪೀಲು, ಮದ್ರಾಸಿನಲ್ಲಿ ಎರಡನೇ ಅಪೀಲು ಆಗಿ, ಡಿಕ್ರಿಯ (ತೀರ್ಪಿನ ಮೇಲೆ ಕೋರ್ಟು ಬರೆದ ಅಧಿಕೃತ ಆದೇಶದ) ಅಮಲ್ಜಾರಿ, ಅಂದರೆ ಅದನ್ನು ಜಾರಿಗೆ ತರುವುದು ಮಾತ್ರ ಕೇರಳದ ಕಾಲದಲ್ಲಿ ಆಗಿರಬಹುದು. ಒಂದು ಕೋರ್ಟಿನಲ್ಲಿ ‘ನಮ್ಮಲ್ಲಿಲ್ಲ’ ಎಂದ ಕೂಡಲೇ ಕಾಗದವೇ ಇಲ್ಲ ಅಂತ ತಿಳಿಯಬೇಡಿ. ಆ ಹಂತದ ಕಾಗದ ಅಲ್ಲಿಲ್ಲ, ಅಷ್ಟೇ.

ಈಗ ಆನ್‌ಲೈನ್ ವಿಷಯ. ಕೇಸುಗಳ ವಿವರ ಆನ್‌ಲೈನ್‌ನಲ್ಲಿ ತೋರಿಸುವ ಇ-ಕೋರ್ಟ್ಸ್ ಯೋಜನೆ ಶುರುವಾದದ್ದೇ 2007ರಲ್ಲಿ. ಅದಕ್ಕಿಂತ ದಶಕಗಳ ಹಿಂದೆ ಮುಗಿದ ದಾವೆಯನ್ನು ಅಲ್ಲಿ ಹುಡುಕುವುದರಲ್ಲಿ ಅರ್ಥವಿಲ್ಲ. ಆದರೆ ನಿಮ್ಮ ದೊಡ್ಡಪ್ಪನ ಮಕ್ಕಳು ಇತ್ತೀಚೆಗೆ ಅದೇ ಜಾಗದ ಮೇಲೆ ಬೇರೆ ದಾವೆ ಹಾಕಿದ್ದಾರೆ ಅಂದಿರಲ್ಲ, ಅದು ಸಿಕ್ಕೇ ಸಿಗುತ್ತದೆ. ಪ್ರತಿ ಕೇಸಿಗೂ ಹದಿನಾರು ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ನಂಬರು ಇರುತ್ತದೆ. ಕೇರಳದ್ದಾದರೆ ‘ಕೆಎಲ್’ ಎಂದು ಶುರು, ಕೊನೆಯ ನಾಲ್ಕು ಅಂಕಿ ಇಸವಿ. ನಂಬರು ಗೊತ್ತಿಲ್ಲದಿದ್ದರೆ ಪಕ್ಷಗಾರರ ಹೆಸರು ಮತ್ತು ವರ್ಷ ಹಾಕಿ ಹುಡುಕಬೇಕು. ಹೊರಗಿನವರು ಎಡವುವುದು ಇಲ್ಲೇ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದವರು ಹೆಚ್ಚಾಗಿ ಮಲಯಾಳದ ರೂಢಿಯಲ್ಲಿ ಬರೆದಿರುತ್ತಾರೆ. ಶಂಕರ ಎಂಬ ಹೆಸರಿನಲ್ಲಿ ‘ಎಸ್’ ಆದ ಮೇಲೆ ‘ಎಚ್’ ಇರಲಿಕ್ಕಿಲ್ಲ, ಪುತ್ತಿಗೆಯಲ್ಲಿ ‘ಟಿ’ ಜೊತೆಗೆ ‘ಎಚ್’ ಇರುತ್ತದೆ, ಭಟ್ಟರ ಹೆಸರಿನ ಬಾಲಕ್ಕೆ ಒಂದು ‘ಎ’ ಅಂಟಿರಬಹುದು. ಹೆಸರಿನ ಮೂರು ಅಕ್ಷರ ಕೊಟ್ಟರೂ ಹುಡುಕಾಟ ನಡೆಯುತ್ತದೆ. ಹಾಗಾಗಿ ಪೂರ್ತಿ ಹೆಸರು ಹಾಕದೆ, ಯಾವ ರೀತಿ ಬರೆದರೂ ಬದಲಾಗದ ತುಂಡನ್ನಷ್ಟೇ ಹಾಕಿ.

ಹಳೆಯ ದಾವೆಗೆ ಬರೋಣ. ಒ.ಎಸ್. ನಂಬರು (ಅಸಲು ದಾವೆಯ ನಂಬರು) ಮತ್ತು ಇಸವಿ ಇಲ್ಲದೆ ರೆಕಾರ್ಡ್ ರೂಮಿನವರು ನಿಮಗೆ ಮಾಡಬಹುದಾದ ಸಹಾಯ ಬಹಳ ಕಡಿಮೆ. ಆ ನಂಬರು ಕೋರ್ಟಿಗಿಂತ ಮೊದಲು ನಿಮ್ಮ ಮನೆಯ ಪೆಟ್ಟಿಗೆಯಲ್ಲೇ ಇರುವ ಸಾಧ್ಯತೆ ಹೆಚ್ಚು. ದಾವೆ ಆದ ಮೇಲೆ ಬರೆದ ಪಾಲುಪಟ್ಟಿ, ಕ್ರಯಪತ್ರ, ಅಡಮಾನ ಪತ್ರ ಯಾವುದಿದ್ದರೂ ಅದರ ಮೊದಲ ಎರಡು ಪುಟ ನಿಧಾನವಾಗಿ ಓದಿ. ‘ಇಂಥಾ ಕೋರ್ಟಿನ ಇಂಥಾ ಅಸಲು ದಾವೆಯ ಡಿಕ್ರಿ ಪ್ರಕಾರ ಬಂದ ಹಕ್ಕು’ ಅಂತ ಬರೆಯುವ ಪದ್ಧತಿ ನಮ್ಮ ದಸ್ತಾವೇಜು ಬರಹಗಾರರಲ್ಲಿ ಮೊದಲಿಂದಲೂ ಇದೆ. ಮನೆಯಲ್ಲಿ ಕಾಗದ ಇಲ್ಲದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಸರ್ವೆ ನಂಬರಿಗೆ ಋಣಭಾರ ಪತ್ರ ತೆಗೆಸಿ, ಅದರಲ್ಲಿ ಬಂದ ಹಳೆಯ ದಸ್ತಾವೇಜಿನ ನಕಲು ಕೇಳಿ. ರೀಸರ್ವೆ ಆದ ಗ್ರಾಮವಾದರೆ ಹಳೆಯ ನಂಬರು ಹೊಸ ನಂಬರು ಬೇರೆ ಬೇರೆ. ಎರಡನ್ನೂ ವಿಲೇಜ್ ಆಫೀಸಿನಲ್ಲಿ ತಾಳೆ ನೋಡಿಕೊಂಡು ಹೋಗಿ.

ನಿಮ್ಮದು ಅಳಿಯಸಂತಾನ ಕಟ್ಟಿನ, ಅಂದರೆ ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬರುವ ಕುಟುಂಬ ಅಂದಿರಿ. ಹಾಗಾದರೆ ಇನ್ನೊಂದು ಮಾತು. ಕವರುಗಳಿಗೆ, ಅಂದರೆ ಕುಟುಂಬದೊಳಗಿನ ಹೆಣ್ಣಿನ ಸಂತಾನದ ಕವಲುಗಳಿಗೆ, ಪಾಲು ಕೇಳುವ ಹಕ್ಕನ್ನು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕೊಟ್ಟಿತು. ಅದಾದ ಮೇಲೆ ನಮ್ಮ ಕಡೆ ಪಾಲು ದಾವೆಗಳು ಸಾಲಾಗಿ ಬಂದವು. ಇಂಥ ದಾವೆಯಲ್ಲಿ ಅಜ್ಜಿ, ಅಕ್ಕತಂಗಿಯರು, ಅವರ ಮಕ್ಕಳು ಎಲ್ಲರೂ ಪಕ್ಷಗಾರರೇ. ನಿಮ್ಮ ಅಜ್ಜ ಎಷ್ಟನೆಯವರೋ ಪ್ರತಿವಾದಿಯಾಗಿ ಒಳಗೆಲ್ಲೋ ಇರಬಹುದು, ದಾವೆ ಹೂಡಿದವರೇ ಅವರು ಎಂಬುದು ಮನೆಯಲ್ಲಿ ಬೆಳೆದ ಮಾತೂ ಆಗಿರಬಹುದು. ದಾವೆಯನ್ನು ಎಲ್ಲರೂ ಗುರುತಿಸುವುದು ಮೊದಲ ವಾದಿ, ಮೊದಲ ಪ್ರತಿವಾದಿಯ ಹೆಸರಿನಿಂದ. ಆಗ ಕುಟುಂಬದ ಯಜಮಾನ ಅಥವಾ ಯಜಮಾನ್ತಿ ಯಾರಿದ್ದರು ಅನ್ನುವುದನ್ನು ಹಿರಿಯರಲ್ಲಿ ಕೇಳಿಕೊಳ್ಳಿ.

ನಂಬರು ಸಿಕ್ಕಿತು ಅಂತಿಟ್ಟುಕೊಳ್ಳೋಣ. ಕಾಸರಗೋಡಿನ ಕೋರ್ಟುಗಳು ಪೇಟೆಯಲ್ಲಿಲ್ಲ, ವಿದ್ಯಾನಗರದಲ್ಲಿವೆ. ಮಂಗಳೂರಿನಿಂದ ಬಸ್ಸಿನಲ್ಲಿ ಬಂದರೆ ಹೊಸ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಚೆರ್ಕಳ ಕಡೆಯ ಬಸ್ಸು ಹತ್ತಿ. ಏಪ್ರಿಲ್-ಮೇ ಬೇಸಿಗೆ ರಜೆ ಮತ್ತು ಓಣಂ ರಜೆ ನೋಡಿಕೊಂಡು ಹೊರಡಿ, ನಮ್ಮ ರಜೆಗಳು ಕರ್ನಾಟಕದ ರಜೆಗಳ ಹಾಗಲ್ಲ. ಕೇಳಬೇಕಾದದ್ದು ದೃಢೀಕೃತ ನಕಲು. ಇಲ್ಲಿ ಎಲ್ಲರೂ ‘ಕಾಪಿ ಅರ್ಜಿ’ ಅನ್ನುತ್ತಾರೆ. ಕೋರ್ಟ್ ಫೀ ಸ್ಟಾಂಪು ಅಂಟಿಸಿದ ಅರ್ಜಿಯಲ್ಲಿ ದಾವೆಯ ನಂಬರು, ಪಕ್ಷಗಾರರು, ತೀರ್ಪಿನ ತಾರೀಕು, ಯಾವ ಯಾವ ಕಾಗದ ಬೇಕು ಎಲ್ಲ ಬಿಡಿಬಿಡಿಯಾಗಿ ಬರೆಯಬೇಕು. ‘ಪೂರ್ತಿ ಫೈಲು’ ಅಂತ ಬರೆಯಬೇಡಿ. ತೀರ್ಪು, ಡಿಕ್ರಿ, ಪಾಲು ದಾವೆಯಾದರೆ ಅಂತಿಮ ಡಿಕ್ರಿ, ಜಾಗ ನೋಡಲು ಕೋರ್ಟು ನೇಮಿಸಿದ ಕಮಿಷನರ ವರದಿ ಮತ್ತು ನಕ್ಷೆ ಅಂತ ಒಂದೊಂದಾಗಿ ಹೆಸರಿಸಿ. ಯಾರ ಪಾಲು ಎಷ್ಟು ಅಂತಷ್ಟೇ ಹೇಳುವ ಪ್ರಾಥಮಿಕ ಡಿಕ್ರಿ ಒಂದನ್ನೇ ಜನ ತೆಗೆದುಕೊಂಡು ಹೋಗಿಬಿಡುತ್ತಾರೆ. ಯಾರಿಗೆ ಯಾವ ತುಂಡು ಬಂತು ಅನ್ನುವುದು ಇರುವುದು ಅಂತಿಮ ಡಿಕ್ರಿಯಲ್ಲಿ, ಅದರ ಜೊತೆಗಿನ ನಕ್ಷೆಯಲ್ಲಿ.

ದಾವೆಯ ಪಕ್ಷಗಾರರಿಗೆ ನಕಲು ಕೊಡುವುದರಲ್ಲಿ ತಕರಾರಿಲ್ಲ. ನೀವು ಮೊಮ್ಮಗ, ಆದ್ದರಿಂದ ಅಜ್ಜನ ಮರಣ ಪತ್ರ ಮತ್ತು ನೀವು ವಾರಸುದಾರ ಅಂತ ತೋರಿಸುವ ಕಾಗದ ಜೊತೆಗಿರಲಿ. ಸಂಬಂಧವೇ ಇಲ್ಲದ ಮೂರನೆಯವರು ಕೇಳುವುದಾದರೆ ಯಾಕೆ ಬೇಕು ಅನ್ನುವುದನ್ನು ಅಫಿಡವಿಟ್‌ನಲ್ಲಿ ಹೇಳಿ ಕೋರ್ಟಿನ ಅಪ್ಪಣೆ ಪಡೆಯಬೇಕು. ಇದಕ್ಕೆ ಹೆದರಬೇಕಾದ್ದಿಲ್ಲ. ಕೋರ್ಟಿನ ತೀರ್ಪು ಕಾನೂನಿನ ಕಣ್ಣಿನಲ್ಲಿ ಸಾರ್ವಜನಿಕ ದಾಖಲೆ. ಹಿಂದೆ ಸಾಕ್ಷ್ಯ ಕಾಯಿದೆಯ 74 ಮತ್ತು 76ನೇ ಕಲಂಗಳಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 74 ಮತ್ತು 75ರಲ್ಲಿದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ತರಿಸುತ್ತೇನೆ ಅಂತ ಮಾತ್ರ ಹೊರಡಬೇಡಿ. ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ಕೋರ್ಟಿನ ಕಡತದ ನಕಲು ಬೇಕಾದವರು ಕೋರ್ಟಿನ ನಿಯಮದಂತೆಯೇ ಅರ್ಜಿ ಹಾಕಬೇಕು.

ಅರ್ಜಿ ಕೊಟ್ಟು ಊರಿಗೆ ಹೋಗಿ ಕೂತರೆ ನಕಲು ಬರುವುದಿಲ್ಲ. ಎಷ್ಟು ಸ್ಟಾಂಪ್ ಪೇಪರು ಬೇಕು ಅನ್ನುವುದನ್ನು ಕೋರ್ಟಿನ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಗಡುವಿನೊಳಗೆ ಅದನ್ನು ತಂದುಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಬೆಂಗಳೂರಿನವರ ಅರ್ಜಿ ಬಿದ್ದುಹೋಗುವುದು ಹೀಗೆಯೇ. ನಕಲು ಕೈಗೆ ಬಂದಾಗ ಅದರ ಹಿಂಬದಿ ಅಥವಾ ಕೊನೆಯ ಪುಟ ನೋಡಿ: ಅರ್ಜಿ ಕೊಟ್ಟ ದಿನ, ಸ್ಟಾಂಪು ಕೇಳಿದ ದಿನ, ಸ್ಟಾಂಪು ಕೊಟ್ಟ ದಿನ, ನಕಲು ತಯಾರಾದ ದಿನ, ಜೊತೆಗೆ ಪ್ರತಿ ಮಾಡಿದವರದ್ದೂ ತಾಳೆ ನೋಡಿದವರದ್ದೂ ಗುರುತು. ಆ ತಾರೀಕುಗಳು ಸುಮ್ಮನೆ ಹಾಕಿದ್ದಲ್ಲ. ಅಪೀಲಿನ ವಾಯಿದೆ ಲೆಕ್ಕ ಹಾಕುವಾಗ ನಕಲಿಗೆ ಹಿಡಿದ ಸಮಯವನ್ನು ಕಳೆಯುವುದು ಅವುಗಳ ಮೇಲೆಯೇ. ಹಾಗಾಗಿ ಆ ಪುಟವನ್ನು ಜೆರಾಕ್ಸ್ ಮಾಡುವಾಗ ಬಿಡಬೇಡಿ.

ಇದನ್ನೆಲ್ಲ ಸರಿಯಾಗಿ ಮಾಡಿಸಿಕೊಡುವವರು ವಕೀಲರ ಗುಮಾಸ್ತರು. ನನಗೆ ಆ ಜನರ ಮೇಲೆ ತುಂಬ ಗೌರವ. ಬೋರ್ಡು ನೋಡುವುದು, ಸ್ಟಾಂಪು ಕಟ್ಟುವುದು, ಯಾವ ಇಸವಿಯ ಕಟ್ಟು ಯಾವ ಕೋರ್ಟಿಗೆ ಹೋಗಿದೆ ಎಂದು ನೆನಪಿನಿಂದ ಹೇಳುವುದು ಅವರ ನಿತ್ಯದ ಕೆಲಸ. ಅವರಲ್ಲಿ ಅನೇಕರಿಗೆ ಕನ್ನಡ, ಮಲಯಾಳ, ತುಳು ಮೂರೂ ಬರುತ್ತದೆ. ಇಲ್ಲಿಯ ವಕೀಲರೊಬ್ಬರಿಗೆ ವಕಾಲತ್ತು ಕೊಟ್ಟು ಅವರ ಗುಮಾಸ್ತರ ಮೂಲಕ ಹೋದರೆ ನಿಮಗೆ ಪದೇ ಪದೇ ಬರುವ ಖರ್ಚು ಉಳಿಯುತ್ತದೆ.

ಒಂದು ವೇಳೆ ಕಡತ ನಾಶವಾಗಿದೆ ಎಂದರೆ? ಹಳೆಯ ಕಾಗದ ವಿಲೇವಾರಿ ಮಾಡಲು 1917ರ ಕಾಯಿದೆಯೇ ಇದೆ. ಸಮನ್ಸು, ಸಣ್ಣಪುಟ್ಟ ಅರ್ಜಿಗಳು ಮೊದಲು ಹೋಗುತ್ತವೆ, ತೀರ್ಪು ಮತ್ತು ಡಿಕ್ರಿಯನ್ನು ಬಹುಕಾಲ ಉಳಿಸುತ್ತಾರೆ. ‘ಫೈಲು ಇಲ್ಲ’ ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ, ಅರ್ಜಿಯ ಮೇಲೆಯೇ ಬರೆದು ಕೊಡಿ ಎಂದು ವಿನಯದಿಂದ ಕೇಳಿ. ಹಾಗೆ ಕೇಳಿದರೆ ಮತ್ತೊಮ್ಮೆ ಹುಡುಕುವುದೂ ಉಂಟು.

ಗೇಣಿ ಜಾಗವಾಗಿದ್ದರೆ ದಾರಿಯೇ ಬೇರೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಜಾಗದ ಧಣಿಯ ಹಕ್ಕು ಸರಕಾರಕ್ಕೆ ಸೇರಿತು, ಗೇಣಿದಾರನಿಗೆ ಲ್ಯಾಂಡ್ ಟ್ರಿಬ್ಯೂನಲ್ ಪಟ್ಟಯ (ಹಕ್ಕುಪತ್ರ) ಕೊಟ್ಟಿತು. ಸಿವಿಲ್ ದಾವೆಯಲ್ಲಿ ಗೇಣಿಯ ಪ್ರಶ್ನೆ ಎದ್ದರೂ ಅದನ್ನು ಟ್ರಿಬ್ಯೂನಲ್‌ಗೇ ಕಳಿಸಬೇಕು. ಕರ್ನಾಟಕದಲ್ಲಿ ಗೇಣಿದಾರರು ಡಿಕ್ಲರೇಶನ್ (ಜಾಗ ತಮ್ಮ ಹೆಸರಿಗೆ ಆಗಲಿ ಎಂಬ ಅರ್ಜಿ) ಕೊಟ್ಟ ಕತೆ ಕೇಳಿ ಬೆಳೆದವರು ಅದೇ ಲೆಕ್ಕದಲ್ಲಿ ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಪಟ್ಟಯದ ಕಡತಕ್ಕೆ ಕಂದಾಯ ಇಲಾಖೆಯಲ್ಲಿ ಕೇಳಬೇಕು, ಅಲ್ಲಿ ಮಾಹಿತಿ ಹಕ್ಕಿನ ಅರ್ಜಿಯೂ ನಡೆಯುತ್ತದೆ. ನೀವು ಕೇಳಿದ ‘ಕೋರ್ಟು ಕಾಗದ’ ನಿಜಕ್ಕೂ ಇದೇ ಆಗಿರಬಹುದು ಅಂತ ನನ್ನ ಗುಮಾನಿ.

ಭಾಷೆಯ ವಿಷಯವನ್ನು ನಾನು ಬಿಡಲಾರೆ. ಕೋರ್ಟಿನ ಅರ್ಜಿ ಇಂಗ್ಲಿಷಿನಲ್ಲಿರಲಿ, ಕೆಲಸ ಬೇಗ ಆಗುತ್ತದೆ. ಆದರೆ ಇಲ್ಲಿಯ ವಿಲೇಜ್ ಆಫೀಸು, ತಾಲೂಕು ಕಚೇರಿಗಳಿಗೆ ಕನ್ನಡದಲ್ಲೇ ಬರೆಯಿರಿ. ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯಲ್ಲಿದೆ. ಬಳಸದ ಹಕ್ಕು ಕಚೇರಿಯವರಿಗೂ ಮರೆತುಹೋಗುತ್ತದೆ, ಆಗ ಕನ್ನಡ ಬಲ್ಲ ನೌಕರರು ಬೇಕು ಎಂದು ನಾವು ಕೇಳುವುದಕ್ಕೂ ಬಲ ಇರುವುದಿಲ್ಲ.

ತೀರ್ಪಿನ ಜೊತೆಗೆ ದಾವೆಯಲ್ಲಿ ಸಾಕ್ಷ್ಯವಾಗಿ ಗುರುತು ಮಾಡಿದ ಹಳೆಯ ದಸ್ತಾವೇಜುಗಳೂ ಬೇಕಾದರೆ ಅವುಗಳಿಗೆ ಬೇರೆಯಾಗಿ ಅರ್ಜಿ ಹಾಕಿ, ಮೂಲದ ಫೋಟೋ ನಕಲೇ ಬೇಕು ಅಂತ ಬರೆಯಿರಿ. 1956ಕ್ಕೆ ಹಿಂದಿನವು ಹೆಚ್ಚಾಗಿ ಕನ್ನಡ ಕೈಬರಹ. ಗೇಣಿಯನ್ನು ಮುಡಿ ಅಕ್ಕಿಯ ಲೆಕ್ಕದಲ್ಲೂ ಹಣವನ್ನು ರೂಪಾಯಿ-ಆಣೆ-ಪೈಯಲ್ಲೂ ಬರೆದಿರುತ್ತಾರೆ. ಕನ್ನಡ ಓದಲು ಬಾರದವರು ಟೈಪ್ ಮಾಡಿದರೆ ಅಂಕಿಗಳೂ ಮನೆ ಹೆಸರುಗಳೂ ಕೆಡುತ್ತವೆ. ಮೂಲ ಕಾಗದವನ್ನು ಯಾರೋ ಮೊದಲೇ ವಾಪಸು ಪಡೆದಿದ್ದರೆ ಕಡತದಲ್ಲಿ ಆ ಬಗ್ಗೆ ರಶೀದಿ ಇರಬೇಕು, ಅದರ ನಕಲೂ ಕೇಳಿ. ಯಾವ ಕವರಿನವರು ಒಯ್ದರು ಅಂತ ಅದರಿಂದ ತಿಳಿಯುತ್ತದೆ.