ಟಾಲ್ಕ್ ಪುಡಿಗೆ ಕಾರ್ಖಾನೆಯಲ್ಲಿ, ಹೊಲದಲ್ಲಿ ಏನು ಕೆಲಸ?

ಮುಖಕ್ಕೆ ಹಚ್ಚುವ ಪೌಡರ್‌ನಲ್ಲಿರುವ ಟಾಲ್ಕ್ ಅನ್ನು ಕೈಗಾರಿಕೆಗೆ, ಬೇಸಾಯಕ್ಕೆ ಯಾಕೆ ಬಳಸುತ್ತಾರೆ ಎಂದು ಕೇಳಿದ್ದೀರಿ. ನಾನು ರಬ್ಬರ್ ಭಾಗಗಳನ್ನು ತಯಾರಿಸುವ ಕಡೆ ಹಲವು ವರ್ಷ ಕೆಲಸ ಮಾಡಿದ್ದೇನೆ. ದಿನವಿಡೀ ಈ ಪುಡಿ ಕೈಯಲ್ಲೇ ಇರುತ್ತಿತ್ತು.

ಸ್ಲೇಟಿನ ಮೇಲೆ ಬರೆಯುವ ಬಳಪ ಗೊತ್ತಲ್ವಾ? ಆ ಬಳಪದ ಕಲ್ಲಿನಲ್ಲಿರುವ ಮುಖ್ಯ ಖನಿಜವೇ ಟಾಲ್ಕ್. ಗಡಸುತನದ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಇದಕ್ಕೆ 1. ಉಗುರಿನಿಂದಲೇ ಗೀರಬಹುದು. ಒಳಗೆಲ್ಲ ತೆಳ್ಳನೆಯ ಪದರಗಳು, ಇಸ್ಪೀಟ್ ಎಲೆಗಳ ಕಟ್ಟಿನ ಹಾಗೆ. ಪದರ ಪದರದ ನಡುವೆ ಹಿಡಿತ ತುಂಬಾ ಕಡಿಮೆ. ಅದಕ್ಕೇ ಬೆರಳಲ್ಲಿ ತಿಕ್ಕಿದರೆ ಜಾರುತ್ತದೆ. ಪದರದ ಮೈಗೆ ನೀರು ಅಂಟುವುದಿಲ್ಲ, ಎಣ್ಣೆ ಬೇಗ ಅಂಟುತ್ತದೆ. ಇದರ ಹೆಚ್ಚಿನ ಉಪಯೋಗಗಳೆಲ್ಲ ಈ ಗುಣಗಳಿಂದಲೇ ಬಂದಿವೆ.

ನಮ್ಮ ಕೆಲಸವನ್ನೇ ನೋಡಿ. ಇನ್ನೂ ಬೇಯಿಸದ, ಅಂದರೆ ಬಿಸಿಯಲ್ಲಿ ಗಟ್ಟಿ ಮಾಡದ ರಬ್ಬರ್ ಹಾಳೆ ಭಾರಿ ಅಂಟು. ಒಂದರ ಮೇಲೊಂದು ಇಡುವ ಮೊದಲು ಟಾಲ್ಕ್ ಉದುರಿಸಬೇಕು. ಒಮ್ಮೆ ಅವಸರದಲ್ಲಿ ಅದನ್ನು ಬಿಟ್ಟೆವು. ಬೆಳಗ್ಗೆ ನೋಡಿದರೆ ಅಷ್ಟೂ ಹಾಳೆ ಸೇರಿ ಒಂದೇ ಮುದ್ದೆ! ಹಾಗಂತ ಸುಮ್ನೆ ಜಾಸ್ತಿ ಸುರಿಯುವ ಹಾಗೂ ಇಲ್ಲ. ಎರಡು ಪದರ ಕೂಡಬೇಕಾದ ಜಾಗದಲ್ಲಿ ಪುಡಿ ಉಳಿದರೆ, ಬೆಂದ ಮೇಲೆ ಅಲ್ಲೇ ಬಿಟ್ಟುಕೊಳ್ಳುತ್ತದೆ. ಸೈಕಲ್ ಟ್ಯೂಬ್ ಟೈರಿಗೆ ಅಂಟದಿರಲಿ ಎಂದು ಪೌಡರ್ ಸವರುವುದೂ ಇದೇ ಲೆಕ್ಕ.

ಪ್ಲಾಸ್ಟಿಕ್‌ನಲ್ಲಿ ಇದು ಬರೀ ತೂಕ ತುಂಬುವ ಪುಡಿ ಅಲ್ಲ. ಕಾರಿನ ಡ್ಯಾಶ್‌ಬೋರ್ಡ್‌ಗೆ ಬಳಸುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ಗೆ ಸಾಮಾನ್ಯವಾಗಿ ನೂರಕ್ಕೆ 20ರಿಂದ 40 ಪಾಲಿನವರೆಗೂ ಟಾಲ್ಕ್ ಸೇರಿಸುತ್ತಾರೆ. ಚಪ್ಪಟೆ ಕಣಗಳು ಒಳಗೆ ಅಡ್ಡಡ್ಡ ಮಲಗಿ ಪ್ಲಾಸ್ಟಿಕ್‌ಗೆ ಬಿಗಿ ಕೊಡುತ್ತವೆ, ಬಿಸಿಲಿಗೆ ಸೊಟ್ಟಗಾಗದಂತೆ ತಡೆಯುತ್ತವೆ. ಬಣ್ಣದಲ್ಲಿ ಹೊಳಪು ತಗ್ಗಿಸಲು, ಕಾಗದದಲ್ಲಿ ಮರದ ಅಂಟನ್ನು ಹಿಡಿದಿಡಲು, ಮಾತ್ರೆ ಮಾಡುವಾಗ ಔಷಧದ ಪುಡಿ ಯಂತ್ರಕ್ಕೆ ಮೆತ್ತದಿರಲು ಕೂಡ ಇದೇ ಬೇಕು. ವೆಲ್ಡಿಂಗ್ ಮಾಡುವವರು ಕಬ್ಬಿಣದ ಮೇಲೆ ಗೆರೆ ಎಳೆಯುವುದೂ ಬಳಪದ ಕಲ್ಲಿನಿಂದಲೇ. ಆ ಗುರುತು ಬಿಸಿಗೆ ಬೇಗ ಅಳಿಯುವುದಿಲ್ಲ.

ಹೊಲದಲ್ಲಿ ನನಗೆ ತುಂಬಾ ಇಷ್ಟವಾದ ಉಪಯೋಗ ಬೀಜೋಪಚಾರ, ಅಂದರೆ ಬಿತ್ತುವ ಮೊದಲು ಬೀಜಕ್ಕೆ ರೋಗ ತಡೆಯುವ ಪುಡಿ ಹಚ್ಚುವುದು. ಟ್ರೈಕೋಡರ್ಮಾ ಎಂಬ ಶಿಲೀಂಧ್ರ, ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೇರು ಕೊಳೆಯುವ ರೋಗಗಳನ್ನು ತಡೆಯುತ್ತವೆ. ಈ ಜೀವಿಗಳನ್ನು ರೈತರ ಕೈಗೆ ತಲುಪಿಸಲು ಒಂದು ವಾಹಕ, ಅಂದರೆ ಅವನ್ನು ಹೊತ್ತೊಯ್ಯುವ ಪುಡಿ ಬೇಕು. ಟಾಲ್ಕ್ ಅವುಗಳ ಜೊತೆ ಬೆರೆತು ಕೆಡುವುದಿಲ್ಲ, ಗಂಟು ಕಟ್ಟುವುದಿಲ್ಲ, ಬೀಜದ ಮೈಗೆ ಸಮನಾಗಿ ಹತ್ತುತ್ತದೆ. ಪ್ಯಾಕೆಟ್‌ನಲ್ಲಿ ಕಾಣುವ ಬಿಳಿ ಪುಡಿಯಲ್ಲಿ ಬಹುಪಾಲು ಟಾಲ್ಕೇ, ರೋಗ ತಡೆಯುವುದು ಮಾತ್ರ ಅದರೊಳಗಿನ ಜೀವಿ. ಹಾಗಾಗಿ ಪ್ಯಾಕೆಟ್ ಬಿಸಿಲಿಗೆ ಇಡಬೇಡಿ, ತಯಾರಿಸಿದ ದಿನಾಂಕ ನೋಡಿಯೇ ಕೊಳ್ಳಿ. ಜೀವಿ ಸತ್ತರೂ ಪುಡಿ ನೋಡಲು ಹಾಗೇ ಇರುತ್ತದೆ! ಬೀಜೋಪಚಾರಕ್ಕೆ ಮುಖದ ಪೌಡರ್ ಬಳಸಬೇಡಿ, ಅದರಲ್ಲಿ ಸುವಾಸನೆ ಮತ್ತಿತರ ವಸ್ತುಗಳು ಸೇರಿರುತ್ತವೆ.

ಪುಡಿ ರೂಪದ ಕೀಟನಾಶಕಕ್ಕೂ ಟಾಲ್ಕ್ ವಾಹಕವಾಗುತ್ತದೆ. ಗೊಬ್ಬರ ಗಟ್ಟಿಯಾಗದಿರಲು ಅದರ ಕಾಳುಗಳಿಗೆ ಸವರುತ್ತಾರೆ. ಗಾಳಿಯ ಒತ್ತಡದಲ್ಲಿ ಬಿತ್ತುವ ಯಂತ್ರಗಳಲ್ಲಿ ಬೀಜ ಸರಾಗವಾಗಿ ಜಾರಲು ಬೆರೆಸುತ್ತಾರೆ. ಇಲ್ಲೊಂದು ಅಪಾಯ ಇದೆ. ಬೀಜಕ್ಕೆ ಲೇಪಿಸಿದ ಕೀಟನಾಶಕ ಉಜ್ಜಿ ಟಾಲ್ಕ್‌ಗೆ ಸೇರಿ, ಯಂತ್ರದ ಗಾಳಿಯ ಜೊತೆ ಹೊರಬಂದು ಜೇನುನೊಣಗಳಿಗೆ ಮುಟ್ಟುತ್ತದೆ. ಅಮೆರಿಕದ ಇಂಡಿಯಾನಾದಲ್ಲಿ ಮೆಕ್ಕೆಜೋಳದ ಬಿತ್ತನೆ ಬಗ್ಗೆ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಂತ್ರದಿಂದ ಹೊರಬಿದ್ದ ಟಾಲ್ಕ್‌ನಲ್ಲಿ ಈ ವಿಷ ತುಂಬಾ ಹೆಚ್ಚಿತ್ತು.

ಪುಡಿ ಕೈಗೆ ಮೆತ್ತಗಿದ್ದರೂ ಶ್ವಾಸಕೋಶಕ್ಕೆ ಮೆತ್ತಗಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗಬಹುದು. ಭೂಮಿಯಲ್ಲಿ ಕೆಲವೆಡೆ ಟಾಲ್ಕ್ ಜೊತೆಗೇ ಆಸ್ಬೆಸ್ಟಾಸ್ ಕೂಡ ಇರುತ್ತದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಟಾಲ್ಕ್ ಅನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿದೆ. ನಾವು ಮೊದಮೊದಲು ಮೂಗಿಗೆ ಬಟ್ಟೆ ಕಟ್ಟಿಕೊಂಡು ಉದುರಿಸುತ್ತಿದ್ದೆವು. ಸಂಜೆ ಬಟ್ಟೆ ಬಿಚ್ಚಿದರೆ ಒಳಮಗ್ಗುಲೂ ಬೆಳ್ಳಗೆ. ನೀವು ಚೀಲ ಬಿಚ್ಚುವ ಕೆಲಸ ಮಾಡುವುದಾದರೆ ಸಣ್ಣ ಧೂಳು ತಡೆಯುವ ಮಾಸ್ಕನ್ನೇ ಹಾಕಿ. ಕೊಳ್ಳುವಾಗ ಆಸ್ಬೆಸ್ಟಾಸ್ ಇಲ್ಲವೆಂಬ ಪರೀಕ್ಷಾ ವರದಿಯನ್ನೂ ಕೇಳಿ ಪಡೆಯಿರಿ.