ನೆರಳು ಅಲ್ಲಾಡದ ಊರು

"17ನೇ ಕಂತು ಓದಿ ಮೇಡಂ, ಆಮೇಲೆ ಮಾತಾಡೋಣ" ಎಂದು ತಾಯಿ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟರು. ಮೊಬೈಲು ಮಗಳದು. ಅವಳು ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಳು. ನಾನು ಓದಲಿಲ್ಲ.

ನಾನು ಆಪ್ತಸಮಾಲೋಚಕಿ. ಈ ವರ್ಷ ಇಂಥದ್ದು ಇದು ನಾಲ್ಕನೆಯದು. ಮಗಳು ಗುಟ್ಟಾಗಿ ಪ್ರೇಮಕಥೆ ಬರೆಯುತ್ತಾಳೆ, ಅದು ಮನೆಯವರ ಕೈಗೆ ಸಿಗುತ್ತದೆ, ಮುತ್ತು ಕೊಡುವ ಸಾಲು ಇರುವ ಪುಟ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಕುಂದಾಪುರದ ಕಡೆಯ ಕುಟುಂಬ, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆ. ಒಂದು ರೂಮು, ಒಂದು ಅಡುಗೆಮನೆ, ನಾಲ್ಕು ಜನ. ತಂದೆ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾರೆ. ಹುಡುಗಿಗೆ 16, ಹನ್ನೊಂದನೇ ಕ್ಲಾಸು, ಸೈನ್ಸ್.

ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಗೆ ಮೊದಲು ನನ್ನ ಕಟ್ಟಳೆ ಹೇಳಿದೆ. ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಮನೆಯವರಿಗೆ ಹೇಳುತ್ತೇನೆ. 18 ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ನಾನು ಸುಮ್ಮನಿರುವಂತಿಲ್ಲ. ಅವಳು ತಲೆಯಾಡಿಸಿದಳು.

ಆಮೇಲೆ ನಾನೂ ತಪ್ಪು ಮಾಡಿದೆ. "ಆ ಹುಡುಗ ಯಾರು?" ಎಂದೆ. ತಾಯಿಯ ಪ್ರಶ್ನೆಯನ್ನೇ ಸ್ವಲ್ಪ ಮೆತ್ತಗೆ ಕೇಳಿದ್ದೆ, ಅಷ್ಟೇ. ಅವಳ ಬಾಯಿ ಮುಚ್ಚಿಹೋಯಿತು. ಹತ್ತು ನಿಮಿಷ ಹಾಗೇ ಕಳೆಯಿತು. ಕೊನೆಗೆ, "ಕಥೆ ಎಲ್ಲಿ ನಡೆಯುತ್ತೆ?" ಅಂದೆ.

"ಪ್ರಾಕ್ಸಿಮಾ ಬಿ" ಎಂದಳು. ತಕ್ಷಣ ಮುಖ ಮೇಲೆದ್ದಿತು. 2016ರಲ್ಲಿ ಕಂಡುಹಿಡಿದ ಗ್ರಹವಂತೆ. ಇಲ್ಲಿಂದ ಸುಮಾರು 4.2 ಜ್ಯೋತಿರ್ವರ್ಷ ದೂರ, ಅಲ್ಲಿಯ ಒಂದು ವರ್ಷ ಅಂದರೆ ನಮ್ಮ 11 ದಿನ ಚಿಲ್ಲರೆ. ಚಂದ್ರ ನಮಗೆ ಒಂದೇ ಮುಖ ತೋರಿಸುತ್ತಾನಲ್ಲ, ಹಾಗೆ ಅದೂ ತನ್ನ ನಕ್ಷತ್ರಕ್ಕೆ ಒಂದೇ ಮುಖ ತೋರಿಸುತ್ತಿರಬಹುದು. ಹಾಗಿದ್ದರೆ ಒಂದು ಕಡೆ ಯಾವಾಗಲೂ ಹಗಲು, ಇನ್ನೊಂದು ಕಡೆ ಯಾವಾಗಲೂ ರಾತ್ರಿ. ಏಳನೇ ಕ್ಲಾಸಿನಲ್ಲಿ ವರ್ಲಿಯ ನೆಹರೂ ತಾರಾಲಯಕ್ಕೆ ಹೋದಾಗಿನಿಂದ ಈ ಹುಚ್ಚು. ಇಷ್ಟು ವಿಜ್ಞಾನ. ಉಳಿದದ್ದು ಅವಳದೇ ಕಲ್ಪನೆ. ಹಗಲಿನ ಊರಲ್ಲಿ ಸೂರ್ಯ ಜರುಗುವುದಿಲ್ಲ, ಹಾಗಾಗಿ ನೆರಳೂ ಜರುಗುವುದಿಲ್ಲ. ಯಾರದೇ ನೆರಳು ಒಂದಿಷ್ಟು ಅಲ್ಲಾಡಿದರೂ ಹಿರಿಯರಿಗೆ ಗೊತ್ತಾಗುತ್ತದೆ. ನಾಯಕಿ ನೆರಳನ್ನು ಅಲ್ಲೇ ಬಿಟ್ಟು ಕತ್ತಲ ಸೀಮೆಗೆ ಓಡಿಹೋಗುತ್ತಾಳೆ. ಅಲ್ಲಿ ಆ ಹುಡುಗ.

"ಅಲ್ಲಿಗೇ ಯಾಕೆ ಹೋಗ್ತಾಳೆ?"

"ನಿದ್ದೆ ಮಾಡೋಕೆ."

ನನಗೆ ನಗು ಬಂತು. ಅವಳು ನಗಲಿಲ್ಲ. "ಆಂಟಿ, ಅಪ್ಪ ಬರೋದು ರಾತ್ರಿ ಒಂದು ಗಂಟೆಗೆ. ಅಲ್ಲಿವರೆಗೆ ಲೈಟು. ನಾಲ್ಕೂವರೆಗೆ ನೀರು ಬರುತ್ತೆ, ಅಮ್ಮ ಮತ್ತೆ ಲೈಟ್ ಹಾಕ್ತಾರೆ. ನಾನು ಮಗ್ಗುಲು ಬದಲಿಸಿದರೂ 'ಏನೇ, ಇನ್ನೂ ಎಚ್ಚರಾನಾ, ಮೊಬೈಲಾ?' ಅಂತಾರೆ."

"ಮತ್ತೆ ಆ ಹುಡುಗ?"

"ಅವನು ಪ್ರಶ್ನೆ ಕೇಳಿ ಕಾಯ್ತಾನೆ. ನಮ್ಮನೇಲಿ ಪ್ರಶ್ನೆ ಕೇಳಿದವರೇ ಉತ್ತರಾನೂ ಹೇಳ್ತಾರೆ."

ಹತ್ತು ನಿಮಿಷದ ಹಿಂದೆ ನಾನು ಕೇಳಿದ ರೀತಿ ನೆನಪಾಗಿ ಮುಜುಗರವಾಯಿತು.

ಅವಳ ಒಪ್ಪಿಗೆ ಪಡೆದು ಮುಂದಿನ ವಾರ ತಾಯಿಯೆದುರು ಈ ಎರಡೇ ವಿಷಯ ಎತ್ತಿದೆ, ನಿದ್ದೆ ಮತ್ತು ಕಾಯುವುದು. ತಾಯಿಗೆ ಸಿಟ್ಟೇ ಬಂತು. "ಲೈಟ್ ಹಾಕದೆ ನೀರು ಹೇಗೆ ಹಿಡೀಲಿ ಮೇಡಂ?" ಸರಿಯಾದ ಮಾತು. ಮುಂಬೈಯಲ್ಲಿ ಮಕ್ಕಳಿಗೆ ಬೇರೆ ರೂಮು ಕೊಡಿ ಅಂತ ಬುದ್ಧಿ ಹೇಳುವವರು ಇಲ್ಲಿಯ ಬಾಡಿಗೆ ಕಟ್ಟಿದವರಲ್ಲ. ನಾನು ಕೇಳಿದ್ದು ಒಂದು ಪರದೆ. ಮಂಚದ ಪಕ್ಕ, ದಪ್ಪ ಬಟ್ಟೆಯದು. ಅದರೊಳಗೆ ದಿನಕ್ಕೆ ಒಂದು ಗಂಟೆ ಅವಳದು, ಯಾರೂ ಸರಿಸಬಾರದು. ಅವಳಾಗಿ ಕೊಡದೆ ಅವಳು ಬರೆದದ್ದನ್ನು ಓದಬಾರದು. ಹುಡುಗಿಗೂ ಷರತ್ತು ಹಾಕಿದೆ. ರಾತ್ರಿ ಹನ್ನೊಂದಾದ ಮೇಲೆ ಮೊಬೈಲು ಅಡುಗೆಮನೆಯಲ್ಲಿ. ಬರೆಯೋದಾದರೆ ನೋಟ್‌ಬುಕ್ಕಿನಲ್ಲಿ.

ಇನ್ನೊಂದು ಸಂಗತಿ ಅವಳೇ ಹೇಳಿದಳು. ಕಥೆ ಹಾಕುವ ಆ್ಯಪ್‌ನಲ್ಲಿ ಒಬ್ಬ 'ಅಭಿಮಾನಿ' ಪ್ರತಿ ಕಂತನ್ನೂ ಹೊಗಳುತ್ತಾನೆ, ಈಗ ನಂಬರು ಕೇಳುತ್ತಿದ್ದಾನೆ. ನನಗೆ ಭಯವಾದದ್ದು ಇಲ್ಲಿ, 17ನೇ ಕಂತಿಗಲ್ಲ. ನಂಬರು, ಫೋಟೋ, ಕಾಲೇಜಿನ ಹೆಸರು ಯಾವುದೂ ಬೇಡ ಅಂದೆ. ಅಲ್ಲೇ ಕೂತು ಅವನನ್ನು ಬ್ಲಾಕ್ ಮಾಡಿಸಿದೆ. ತಾಯಿಗೆ ಅವಳೇ ಹೇಳಿದಳು. ಬರೆಯೋದನ್ನೇ ನಿಲ್ಲಿಸಿಬಿಟ್ಟಿದ್ದರೆ ಈ ಮಾತು ಹೊರಗೆ ಬರುತ್ತಿತ್ತಾ?

ಹುಡುಗಿಯ ಪಕ್ಷ ವಹಿಸಿದೆ ಎಂದು ನನ್ನ ಜೊತೆಯ ಒಬ್ಬರು ಆಕ್ಷೇಪಿಸಿದರು. ವಹಿಸಿದೆ, ಹೌದು. ಕಥೆಯಲ್ಲಿ ಸಾಯುವ ಮಾತು ಬಂದಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ನಾನೇ ಆ ಪುಟ ತೆರೆಯುತ್ತಿದ್ದೆ. ಬರೀ ಪ್ರೀತಿಯಿದ್ದರೆ ತೆರೆಯುವುದಿಲ್ಲ. 16ರ ಹುಡುಗಿ ತನಗೆ ಏನು ಬೇಕು ಅನ್ನೋದನ್ನು ಮೊದಲು ಸುಳ್ಳು ಊರಿನಲ್ಲಿ ಇಟ್ಟು ನೋಡುತ್ತಾಳೆ. ಆ ಸುಳ್ಳು ಊರನ್ನು ಪೊಲೀಸರ ಥರ ಜಾಲಾಡಿದರೆ ಮುಂದಿನ ಸಲ ನಿಜವಾದ ಹುಡುಗ ಬಂದಾಗ ನಿಮಗೆ ಯಾರು ಹೇಳಬೇಕು?

ಪರದೆ ಬಂತು, ಹಳೇ ಬೆಡ್‌ಶೀಟಿನದು. ಫಿಸಿಕ್ಸ್ ಅಂಕ ಏನೂ ಜಾಸ್ತಿಯಾಗಿಲ್ಲ.

ಮೊನ್ನೆ ತಾಯಿ ಫೋನ್ ಮಾಡಿದ್ದರು. "ಮೇಡಂ, ಆ ಹುಡುಗ ನಿಜಕ್ಕೂ ಇಲ್ಲ ಅಲ್ವಾ?"

"ಅವಳನ್ನೇ ಕೇಳಿ" ಅಂದೆ. "ಕೇಳಿ ಸುಮ್ನಿರಿ."

"ಎಷ್ಟು ಹೊತ್ತು?" ಅಂದರು.